ಒಳಗ ಯಾರದೀರಿ ಎಂದು ಕೇಳುತ್ತ ಬರುತ್ತಿದ್ದವರು

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆಯಬೇಡ ಎಂದು ಯಾರೂ ಹೇಳಿಲ್ಲ, ಅವರ ಮನೆಯವರು ಹಾಗೆ ಹೇಳುವವರೂ ಅಲ್ಲ. ಆ ಹೆಸರಿಗೆ ಮಸಿ ಹತ್ತುವಾಗ ಸುಮ್ಮನೆ ಕೂತು ನೋಡಿದವಳು ನಾನು. ಈಗ ಅದನ್ನೇ ಎತ್ತಿ ಹೊಗಳಲು ಹೊರಟರೆ ನನಗೇ ಹೇಸಿಗೆಯಾಗುತ್ತದೆ. ಕಾರ್ಖಾನೆಯಲ್ಲಿ ಅವರನ್ನು ಎಲ್ಲರೂ ಕಾಕಾ ಅನ್ನುತ್ತಿದ್ದರು. ಇಲ್ಲಿಯೂ ಕಾಕಾ ಅಂತಲೇ ಇರಲಿ.

ಕಾರ್ಖಾನೆ ಎಂದರೆ ಪುಣೆ ಹತ್ತಿರದ ತಳೇಗಾಂವ ದಾಭಾಡೆಯಲ್ಲಿ ತಗಡು ಒತ್ತಿ ಗಾಡಿಗಳ ಬಿಡಿಭಾಗ ಮಾಡುವಂಥದ್ದು. ಅಲ್ಲಿ ಪ್ರತಿ ಪ್ರೆಸ್ಸಿನ ಪಕ್ಕದಲ್ಲೂ ಪ್ಲಾಸ್ಟಿಕ್ ಹೊದಿಸಿದ ಒಂದು ಹಾಳೆ ತೂಗುತ್ತಿರುತ್ತದೆ. ಯಂತ್ರ ಹೇಗೆ ಶುರು ಮಾಡಬೇಕು, ಹೇಗೆ ನಿಲ್ಲಿಸಬೇಕು, ಒಳಗಿನ ಅಚ್ಚು ಬದಲಿಸುವಾಗ ಯಾವುದು ಮೊದಲು ಯಾವುದು ಆಮೇಲೆ, ಎಲ್ಲ ಚಿತ್ರಸಮೇತ ಬರೆದಿರುತ್ತದೆ. ಮೊದಲು ಮರಾಠಿಯಲ್ಲಿ, ಹಿಂದಿಯಲ್ಲಿ ಮಾತ್ರ ಇತ್ತು. ಯಾದಗಿರಿ, ಕಲಬುರಗಿ ಕಡೆಯ ಕೆಲಸಗಾರರು ಹೆಚ್ಚಾದ ಮೇಲೆ ಕನ್ನಡದಲ್ಲೂ ಬಂತು. ಆ ಕನ್ನಡದ ಹಾಳೆಗಳು ಕಾಕಾ ಅವರ ಪಾಲಿಗೆ ಬಂದಿದ್ದವು. ಅವರು ವಿಜಯಪುರದವರು, ಟೈಪಿಸ್ಟ್ ಆಗಿ ಸೇರಿ ಮೂವತ್ತು ವರ್ಷ ಅಲ್ಲೇ ಸವೆಸಿದವರು. ನಾನು ಬೆಳಗಾವಿಯವಳು, ಎರಡೂ ಭಾಷೆ ಬರುತ್ತಿತ್ತೆಂದು ಮರಾಠಿ ಹಾಳೆಗಳನ್ನು ನನಗೆ ಕೊಟ್ಟಿದ್ದರು. ಇಬ್ಬರ ಮೇಜೂ ಎದುರುಬದುರು, ಇಬ್ಬರ ಮನೆಯೂ ವಾಕಡದಲ್ಲಿ, ಹೋಗುವುದು ಬರುವುದು ಒಂದೇ ಕಂಪನಿ ಬಸ್ಸಿನಲ್ಲಿ.

ದೇವರಂಥ ಮನುಷ್ಯ ಎಂದು ಶುರು ಮಾಡಿದರೆ ಅವರೇ ಎದ್ದು ಬಂದು ಬೈದಾರು. ಸಿಟ್ಟು ಮೂಗಿನ ತುದಿಯಲ್ಲೇ ಇತ್ತು, ಅದರ ಕೆಳಗೆ ನಶ್ಯ. ತಮ್ಮ ಕುರ್ಚಿಯಲ್ಲಿ ಯಾರಾದರೂ ಕೂತರೆ ಎದ್ದು ಹೋಗುವವರೆಗೆ ತಲೆಯ ಮೇಲೆಯೇ ನಿಂತಿರುತ್ತಿದ್ದರು. ಹೊಗಳಿಕೆಯ ವಿಷಯದಲ್ಲಿ ಕಡುಜಿಪುಣ. ನಾನು ಸೇರಿದ ಹೊಸತರಲ್ಲಿ ಅವರ ಒಂದು ಹಾಳೆಗೆ ನಾಲ್ಕು ಸಾಲು ಕನ್ನಡ ಬರೆದುಕೊಟ್ಟೆ. ಓದಿ, ಕನ್ನಡಕ ಹಣೆಗೇರಿಸಿ, "ನಿನ್ನ ಕನ್ನಡಕ್ಕ ಇಸ್ತ್ರಿ ಭಾಳ ಆಗ್ಯಾದ ತಂಗಿ, ಮೈಗೆ ಹಾಕ್ಕೊಳ್ಳಾಕ ಬರಂಗಿಲ್ಲ" ಅಂದಿದ್ದರು. ತುರ್ತು ನಿಲುಗಡೆ ಗುಂಡಿ ಎಂದು ನಾನು ಬರೆದಿದ್ದೆ. ಅವರು ಅದನ್ನು ಹೊಡೆದು ಕೆಂಪು ಬಟನ್ ಎಂದು ಮಾಡಿದರು.

ಅವರು ಹಾಳೆ ತಿದ್ದುವ ಬಗೆಯೇ ಬೇರೆ. ಕರಡು ತೆಗೆದುಕೊಂಡು ಯಂತ್ರದ ಹತ್ತಿರ ಹೋಗಿ, ಅದನ್ನು ನಡೆಸುವವನನ್ನು ನಿಲ್ಲಿಸಿ, ಒಂದೊಂದೇ ಸಾಲು ಓದಿ ಹೇಳುತ್ತಿದ್ದರು. ಕಣ್ಣು ಮಾತ್ರ ಅವನ ಕೈ ಮೇಲೆ. ಯಾಕೆ ಕಾಕಾ ಎಂದು ಒಮ್ಮೆ ಕೇಳಿದೆ. ಗೋಣು ಹಾಕಿದರೆ ತಿಳಿದಿಲ್ಲ ಎಂದು ಅರ್ಥವಂತೆ. ಓದುತ್ತಿದ್ದಂತೆ ಅವನ ಕೈ ತಾನೇ ಆ ಹಿಡಿಕೆಯ ಕಡೆ ಹೋದರೆ ಆಗ ತಿಳಿಯಿತು ಎಂದು ಅರ್ಥವಂತೆ. ಕೈ ಆಡದ ಸಾಲನ್ನು ಅಲ್ಲೇ ಗೀಚಿ, ಅವನ ಬಾಯಿಂದ ಬಂದ ಮಾತನ್ನೇ ಬರೆದುಕೊಳ್ಳುತ್ತಿದ್ದರು. ಮೇಲಿನ ಭಾರ ಕೆಳಗೆ ಬೀಳದಂತೆ ಕೊಡುವ ಕಬ್ಬಿಣದ ಆಸರೆಗೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರಿದೆ. ಕೆಲಸಗಾರರು ಅದನ್ನು ಟೇಕಾ ಅನ್ನುತ್ತಿದ್ದರು, ಹಾಗಾಗಿ ಹಾಳೆಯಲ್ಲೂ ಅದು ಟೇಕಾ ಆಯಿತು.

ಹೀಗೆ ಬರೆದುಕೊಂಡು ಬಂದದ್ದನ್ನು ಕಂಪ್ಯೂಟರಿಗೆ ಏರಿಸುವುದೇ ದೊಡ್ಡ ಕುಸ್ತಿ. ಹಾಳೆಗಳ ಮೂಲ ಫೈಲು ಯಾವ ಕಾಲಕ್ಕೋ ಕಳೆದುಹೋಗಿ, ಪಿಡಿಎಫ್ ಮಾತ್ರ ಉಳಿದಿತ್ತು. ಆ ಪಿಡಿಎಫ್ಫಿನೊಳಗೇ ಕನ್ನಡ ತಿದ್ದಬೇಕು. ಒಂದು ಅಕ್ಷರ ಮುಟ್ಟಿದರೆ ಒತ್ತು ಒಂದು ಕಡೆ, ಕೊಂಬು ಒಂದು ಕಡೆ ಚೆಲ್ಲಾಪಿಲ್ಲಿಯಾಗುತ್ತಿತ್ತು. ಹಳೆಯ ಸಾಲಿನ ಮೇಲೆ ಬಿಳಿ ಪಟ್ಟಿ ಎಳೆದು, ಅದರ ಮೇಲೆ ಹೊಸ ಸಾಲು ಕೂರಿಸಿ, ಬೆವರೊರೆಸಿಕೊಂಡು ಸೇವ್ ಒತ್ತಿದರೆ, ಆಗುವುದಿಲ್ಲ ಎನ್ನುವ ಚೌಕ ಕಣ್ಣೆದುರು ಬರುತ್ತಿತ್ತು.

ಈ ಆಗುವುದಿಲ್ಲಗಳಿಗೆಲ್ಲ ಅವರು ಒಂದೊಂದು ಹೆಸರಿಟ್ಟಿದ್ದರು. ಫೈಲಿಗೆ ಓದಲು ಮಾತ್ರ ಅಪ್ಪಣೆ, ತಿದ್ದಲು ಇಲ್ಲ ಎಂದು ಬಂದರೆ ಅದು ಮಡಿ. "ಮಡೀಲಿ ಕುಂತದ, ಮುಟ್ಟಿಸಿಗೊಳವಲ್ದು" ಅನ್ನುವರು. ನಾನು ಹೋಗಿ ಆ ಗುರುತು ತೆಗೆದು ಬರುತ್ತಿದ್ದೆ. ಫೈಲಿನ ಹೆಸರು ಉದ್ದವಾಗಿ ಜಾಗ ಸಾಲದಿದ್ದರೆ ಅದು ಮದುವೆ ಪತ್ರಿಕೆ. ಮೇಲ್‌ನಿಂದ ನೇರವಾಗಿ ತೆರೆದ ಫೈಲು ತಿದ್ದಿ, ಮುಚ್ಚಿ, ಆಮೇಲೆ ಎಲ್ಲಿ ಹೋಯಿತೆಂದು ಗೊತ್ತಾಗದಿದ್ದರೆ ಅದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದದ್ದು. ಇನ್ನು, ಎಲ್ಲರೂ ಬಳಸುವ ಫೋಲ್ಡರಿನ ಫೈಲನ್ನು ಬೇರೆ ಯಾರೋ ತಮ್ಮ ಕಂಪ್ಯೂಟರಿನಲ್ಲಿ ತೆರೆದಿಟ್ಟಿದ್ದರಿಂದ ಸೇವ್ ಆಗದಿದ್ದರೆ ಅದಕ್ಕೆ ಬಚ್ಚಲ ಎಂದು ಹೆಸರು. ಪುಣೆಗೆ ಬಂದ ಹೊಸತರಲ್ಲಿ ಅವರು ಹನ್ನೊಂದು ಮನೆಗೆ ಒಂದೇ ಬಚ್ಚಲಿದ್ದ ಹಳೆಯ ವಾಡೆಯಲ್ಲಿ ಬಾಡಿಗೆಗಿದ್ದವರು. ಬಕೆಟ್ ಹಿಡಿದು ಬಾಗಿಲು ಬಡಿಯುವ ಗತ್ತು ಇನ್ನೂ ಹೋಗಿರಲಿಲ್ಲ. ಆ ದೋಷ ಬಂದ ಕೂಡಲೇ ಎದ್ದು, ಕೈ ಹಿಂದೆ ಕಟ್ಟಿ, ಒಂದೊಂದೇ ಮೇಜಿಗೆ ಬಂದು ಕೇಳುತ್ತಿದ್ದರು, "ಏಳನೇ ನಂಬರಿನ ಒಳಗ ಯಾರದೀರಿ? ಲಗೂನ ಹೊರಗ ಬರ್ರಿ." ಮರಾಠಿಯವರೂ ಆ ಒಂದು ಕನ್ನಡ ವಾಕ್ಯ ಕಲಿತಿದ್ದರು. ನಾನೇ ಕಾಕಾ ಎಂದು ಯಾರಾದರೂ ನಕ್ಕು ಮುಚ್ಚುತ್ತಿದ್ದರು.

ಸೇವ್ ಆಯಿತೆಂದು ಯಂತ್ರ ಹೇಳಿದರೂ ನಂಬುತ್ತಿರಲಿಲ್ಲ. ಮುಚ್ಚಿ, ಮತ್ತೆ ತೆರೆದು, ತಿದ್ದಿದ ಸಾಲಿನ ಕೆಳಗೆ ಬೆರಳಿಟ್ಟು ಗಟ್ಟಿಯಾಗಿ ಓದಬೇಕು. ಪಕ್ಕದಲ್ಲಿ ಯಾರು ಫೋನಿನಲ್ಲಿದ್ದರೂ ಅವರಿಗೆ ಲೆಕ್ಕಕ್ಕಿಲ್ಲ. ಬೀಗ ಹಾಕಿ ಮೂರು ಸಲ ಜಗ್ಗಿ ನೋಡುವ ಮುದುಕಿ ಎಂದು ನಾನೇ ಅವರನ್ನು ಆಡಿಕೊಂಡಿದ್ದೇನೆ. ನನಗೆ ಆಗ ನಾಲಿಗೆ ಉದ್ದವಿತ್ತು. ಬೇಕಾದಾಗ ಮಾತ್ರ ಅದು ಒಳಗೆ ಸೇರಿಕೊಂಡಿತು.

ಏಳನೇ ಪ್ರೆಸ್ಸಿನ ಕನ್ನಡ ಹಾಳೆಯಲ್ಲಿ ಒಂದು ತಪ್ಪಿತ್ತು. ಬಹಳ ಹಿಂದೆ ಹೊರಗಿನವರಿಂದ ಕನ್ನಡ ಮಾಡಿಸಿದಾಗಲೇ ಎರಡು ಸಾಲು ಅದಲುಬದಲಾಗಿದ್ದವು. ಫೈಲಿನ ಚಿತ್ರ, ಬಾಣ, ಉಳಿದ ಸಾಲುಗಳನ್ನು ಕಾಕಾ ಆಮೇಲೆ ಹೊಸದು ಮಾಡಿದ್ದರು, ಅಚ್ಚು ಬದಲಿಸುವ ಭಾಗಕ್ಕೆ ಮಾತ್ರ ಇನ್ನೂ ಕೈ ಹಾಕಿರಲಿಲ್ಲ. ಅಚ್ಚು ಬದಲಿಸುವಾಗ ಮೊದಲು ಟೇಕಾ ಕೊಡಬೇಕು, ಆಮೇಲೆ ಕೈ ಒಳಗೆ ಹಾಕಬೇಕು. ಹಾಳೆಯಲ್ಲಿ ಕೈ ಮೊದಲು, ಟೇಕಾ ಆಮೇಲೆ ಎಂದಿತ್ತು. ಹಳಬರು ರೂಢಿಯ ಮೇಲೆ ಕೆಲಸ ಮಾಡುತ್ತಿದ್ದರು, ಮಾಸಿದ ಆ ಹಾಳೆಯನ್ನು ಯಾರೂ ನೋಡುತ್ತಿರಲಿಲ್ಲ. ಎಲ್ಲ ಹಾಳೆಗಳನ್ನೂ ಹೊಸದಾಗಿ ಮುದ್ರಿಸಿ ತೂಗುಹಾಕಬೇಕೆಂದು ಮ್ಯಾನೇಜರು ಹೇಳಿದಾಗ, ಕಾಕಾ ತಮ್ಮ ಪದ್ಧತಿಯಂತೆ ಯಂತ್ರದ ಮುಂದೆ ನಿಂತು ಓದಿದರು. ಅಲ್ಲಿದ್ದವನ ಕೈ ಹಾಳೆ ಹೇಳಿದ ಕಡೆ ಹೋಗದೆ ಟೇಕಾದ ಕಡೆ ಹೋಯಿತು. ಹಾಗೆ ಸಿಕ್ಕಿತು ಆ ತಪ್ಪು. ಅವರು ಅರ್ಧ ಓಡುತ್ತಲೇ ಕೋಣೆಗೆ ಬಂದು ತಿದ್ದಲು ಕೂತರು. ಮರುದಿನ ಮುದ್ರಣ. ಅವರಿಗೆ ಅದೇ ಸಂಜೆ ಊರಿಗೆ ಹೋಗುವುದಿತ್ತು, ಅಕ್ಕನ ಮನೆಯಲ್ಲಿ ಕಾರ್ಯ, ನಾಲ್ಕು ದಿನದ ರಜೆ.

ಈಗ ನನ್ನ ಕಡೆ ಏನಾಗುತ್ತಿತ್ತು ಎಂಬುದನ್ನೂ ಹೇಳಬೇಕು. ಆ ಬೆಳಿಗ್ಗೆ ಮ್ಯಾನೇಜರು ನನ್ನ ಮರಾಠಿ ಹಾಳೆಗಳನ್ನು ಮುಂದಿಟ್ಟುಕೊಂಡು, ಇವು ಕಚೇರಿಯ ನೋಟೀಸಿನ ಹಾಗಿವೆ, ಕಾಕಾನ ಹಾಳೆ ನೋಡು, ಕನ್ನಡ ಬಾರದ ನನಗೂ ತಿಳಿಯುತ್ತದೆ ಎಂದಿದ್ದರು. ಬಡ್ತಿಯ ಪಟ್ಟಿ ತಯಾರಾಗುತ್ತಿದ್ದ ಸಮಯ ಅದು. ನಾನು ಬಂದು ಕೂತವಳೇ ಕಾಕಾರ ಏಳನೇ ನಂಬರಿನ ಫೈಲು ತೆರೆದೆ. ಅವರು ಚಿತ್ರ ಇಟ್ಟ ಬಗೆ, ಬಾಣದ ಗುರುತು ಹಾಕಿದ ಬಗೆ, ಗಿಡ್ಡ ಗಿಡ್ಡ ಮಾತು, ಎಲ್ಲವನ್ನೂ ಎತ್ತಿ ಒಂಬತ್ತನೇ ಪ್ರೆಸ್ಸಿನ ನನ್ನ ಹಾಳೆಗೆ ಮರಾಠಿಯಲ್ಲಿ ಇಳಿಸತೊಡಗಿದೆ. ಕೆಳಗೆ ತಯಾರಿಸಿದವರು ಎಂಬಲ್ಲಿ ನನ್ನ ಹೆಸರು. ಕೇಳಿದ್ದರೆ ಅವರೇ ಪಕ್ಕದಲ್ಲಿ ಕೂತು ಹೇಳಿಕೊಡುತ್ತಿದ್ದರು, ನಾಲ್ಕು ಮಾತು ಬೈದು. ಕೇಳಲು ನನಗೆ ಬಿಂಕ.

ಕಾಕಾರ ಮೇಜಿನಿಂದ ಗೊಣಗಾಟ ಕೇಳಿಸಿತು. ಬಚ್ಚಲ. ಎದ್ದರು, ಕೈ ಹಿಂದೆ ಕಟ್ಟಿದರು, ಆಚೆಯ ಮೇಜುಗಳಲ್ಲಿ ಕೇಳಿಕೊಂಡು ಕೊನೆಗೆ ನನ್ನ ಹತ್ತಿರ ಬಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಾನು ಹೆಗಲು ಮುಟ್ಟಿಕೊಳ್ಳಲಿಲ್ಲ, ಫೈಲನ್ನು ತೆರೆಯ ಕೆಳಗಿನ ಅಂಚಿಗೆ ಇಳಿಸಿದೆ. ಮುಚ್ಚಲೂ ಇಲ್ಲ. ಮುಚ್ಚುವ ಗುರುತು ಒತ್ತುವಷ್ಟು ಹೊತ್ತು ಕೈ ಅಲ್ಲಿದ್ದರೆ ಅವರಿಗೆ ಕಂಡೀತೆಂಬ ಭಯ.

"ಏಳನೇ ನಂಬರ ನೀ ಏನರ ತಗದೀಯೇನು ತಂಗಿ?"

"ಇಲ್ಲ ಕಾಕಾ."

ಅವರ ಮುಖ ನೋಡದೆ ಹೇಳಿದೆ. ನನ್ನ ಭುಜದ ಹಿಂದೆ ನಶ್ಯದ ವಾಸನೆ ಬರುತ್ತಿತ್ತು. ತೆರೆಯ ಅಂಚಿನಲ್ಲಿ ಫೈಲಿನ ಹೆಸರಿನ ತುದಿ ಕಾಣುತ್ತಿತ್ತು; ಅವರು ಅದನ್ನು ಕಂಡರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಕಂಡಿರದಿರಲಿ ಎಂದು ಬೇಡಿಕೊಂಡದ್ದಿದೆ. ಕಂಡಿದ್ದರೆ ಮೇಲಿತ್ತು ಎಂದೂ ಒಂದೊಂದು ದಿನ ಅನಿಸಿದೆ.

ಅದರ ಮೇಲೆ ನಾನು ಜಾಣತನ ಬೇರೆ ಹೇಳಿದೆ. ನಿಮ್ಮ ಕಂಪ್ಯೂಟರೇ ಹಟ ಹಿಡಿದಿರಬೇಕು, ಸದ್ಯ ಬೇರೆ ಹೆಸರಿನಲ್ಲಿ ನಿಮ್ಮ ಡೆಸ್ಕ್‌ಟಾಪಿನ ಮೇಲೆ ಸೇವ್ ಮಾಡಿ ನನಗೊಂದು ಪ್ರತಿ ಕಳಿಸಿಬಿಡಿ, ಫೋಲ್ಡರಿನಲ್ಲಿ ಹಳೆಯದನ್ನು ತೆಗೆದು ಹೊಸದನ್ನು ನಾನು ಇಡುತ್ತೇನೆ ಎಂದೆ. ಅವರು ಹಾಗೇ ಮಾಡಿದರು. ಡೆಸ್ಕ್‌ಟಾಪಿನ ಪ್ರತಿಯನ್ನು ಮುಚ್ಚಿ, ತೆರೆದು, ಬೆರಳಿಟ್ಟು ಓದಿದರು: ಮೊದಲ ಟೇಕಾ ಕೊಡ್ರಿ, ಆಮ್ಯಾಲೆ ಕೈ ಹಾಕ್ರಿ. ಸಂಜೆ ಚೀಲ ಹೆಗಲಿಗೇರಿಸಿ ಹೊರಡುವಾಗ ಮತ್ತೊಮ್ಮೆ ಬಂದು, ಮರೀಬ್ಯಾಡ ತಂಗಿ, ನಾಳಿನ ಮುದ್ರಣ ಫೋಲ್ಡರಿನಿಂದಲೇ ಆಗುವುದು ಎಂದು ನೆನಪಿಸಿದರು. ನಾನು ಹೂಂ ಅಂದೆ.

ಮರೆತೆ. ಅದಕ್ಕೆ ಕಾರಣ ಹೇಳಬೇಕೆಂದರೆ ಹೇಳಬಹುದು. ಮರುದಿನ ನಮ್ಮ ಅತ್ತೆಯವರ ಕಣ್ಣಿನ ಆಪರೇಷನ್ ಇತ್ತು, ಆಸ್ಪತ್ರೆಯಿಂದ ಫೋನಿನ ಮೇಲೆ ಫೋನು. ಆದರೆ ಸಂಜೆ ಮನೆಗೆ ಹೋಗುವ ಮುಂಚೆ ನನ್ನ ಒಂಬತ್ತನೇ ನಂಬರಿನ ಹಾಳೆಯನ್ನು ಮ್ಯಾನೇಜರಿಗೆ ಕಳಿಸಲು ಮಾತ್ರ ನಾನು ಮರೆತಿರಲಿಲ್ಲ. ಹಾಗಾಗಿ ಅತ್ತೆಯ ಕಣ್ಣಿನ ಮಾತು ಬಿಟ್ಟುಬಿಡುತ್ತೇನೆ.

ಹಳೆಯ ತಪ್ಪು ಹಾಳೆಯೇ ಹೊಸದಾಗಿ, ದಪ್ಪ ಅಕ್ಷರದಲ್ಲಿ, ಫಳಫಳ ಹೊಳೆಯುತ್ತ ಏಳನೇ ಪ್ರೆಸ್ಸಿನ ಪಕ್ಕ ತೂಗಿತು. ಶನಿವಾರದ ಮೊದಲ ಪಾಳಿಯಲ್ಲಿ ಆ ಯಂತ್ರಕ್ಕೆ ಹೊಸಬನೊಬ್ಬ ಬಂದ. ಯಾದಗಿರಿ ಕಡೆಯವನು, ಇಪ್ಪತ್ತೈದರ ಆಸುಪಾಸು, ಜೊತೆಯವರಲ್ಲಿ ಓದಲು ಬರುತ್ತಿದ್ದವನು ಅವನೊಬ್ಬನೇ. ಓದಲು ಬರುವವನಾದ್ದರಿಂದ ಹಾಳೆ ಓದಿದ. ಅಲ್ಲಿ ಬರೆದಂತೆ ಮೊದಲು ಕೈ ಹಾಕಿದ. ಅವನ ಬಲಗೈಯ ಎರಡು ಬೆರಳು ಹೋದವು.

ಕಾಕಾ ಊರಿನಿಂದ ಬಂದದ್ದು ಸೋಮವಾರ. ಬಸ್ಸಿನಲ್ಲೇ ಸುದ್ದಿ ತಿಳಿದು, ಕೆಂಪು ಬಟನ್ ಒತ್ತಿದ ಯಂತ್ರದಂತೆ ನಿಂತುಬಿಟ್ಟರು. ಇಳಿದವರು ಕೋಣೆಗೆ ಬರಲಿಲ್ಲ, ನೇರ ಏಳನೇ ಪ್ರೆಸ್ಸಿಗೆ ಹೋಗಿ ಹಾಳೆ ಓದಿದರಂತೆ. ಹನ್ನೊಂದು ಗಂಟೆಗೆ ವಿಚಾರಣೆ ಕೂತಿತು: ಮ್ಯಾನೇಜರು, ಸುರಕ್ಷತೆಯ ಅಧಿಕಾರಿ, ಕಾಕಾ, ಮತ್ತೆ ಕಂಪ್ಯೂಟರ್ ಬಲ್ಲವಳೆಂದು ನಾನು. ಮೊದಲಿಗೆ ಮಾತು ಆ ಕೆಲಸಗಾರನ ಮೇಲೆಯೇ ತಿರುಗಿತು. ಗಡಿಬಿಡಿ ಮಾಡಿರುತ್ತಾನೆ, ಗಮನ ಬೇರೆ ಕಡೆ ಇದ್ದಿರುತ್ತದೆ ಎಂದರು. ಹಾಗೆ ಬರೆದುಬಿಟ್ಟರೆ ಅವನ ಕೆಲಸವೂ ಹೋಗುತ್ತಿತ್ತು. ಆಸ್ಪತ್ರೆಯಲ್ಲಿ ಅವನು ಹಾಳ್ಯಾಗ ಬರೆದಂಗ ಮಾಡೀನ್ರಿ ಎನ್ನುವುದೊಂದನ್ನೇ ಹೇಳುತ್ತಿದ್ದನಂತೆ. ಕಾಕಾ ಅಲ್ಲಿ ಬಾಯಿ ಹಾಕಿದರು. ಹುಡುಗನದೇನೂ ತಪ್ಪಿಲ್ಲ, ಹಾಳೆ ತಪ್ಪಿತ್ತು, ತಿದ್ದಿದ್ದು ನನ್ನ ಡೆಸ್ಕ್‌ಟಾಪಿನ ಮೇಲೆ ಉಳಿದಿದೆ ಎಂದರು.

ಫೋಲ್ಡರಿನಲ್ಲಿ ಯಾಕೆ ಸೇವ್ ಮಾಡಲಿಲ್ಲ ಎಂದು ಮ್ಯಾನೇಜರು ಕೇಳಿದರು. ಆಗಲಿಲ್ಲ ಎಂದರು ಕಾಕಾ. ಮ್ಯಾನೇಜರು ನನ್ನ ಕಡೆ ತಿರುಗಿದರು. ಹಾಗೆ ಆಗುವುದುಂಟೇ?

ಇಡೀ ಜನ್ಮದಲ್ಲಿ ನನಗೆ ಅಷ್ಟು ಸುಲಭದ ಪ್ರಶ್ನೆ ಯಾರೂ ಕೇಳಿಲ್ಲ. ಆಗುವುದುಂಟು ಸರ್, ನಾನು ತೆರೆದಿಟ್ಟಿದ್ದೆ, ಕೇಳಿದಾಗ ಸುಳ್ಳು ಹೇಳಿದೆ, ಬದಲಿಸುತ್ತೇನೆಂದು ಒಪ್ಪಿಕೊಂಡು ಮರೆತೆ. ಇಷ್ಟೇ ಹೇಳಬೇಕಾಗಿದ್ದದ್ದು. ನಾನು ಮೇಜಿನ ಮೇಲಿದ್ದ ನೀರಿನ ಲೋಟ ನೋಡುತ್ತ, ಯಾರಾದರೂ ತೆರೆದಿಟ್ಟಿದ್ದರೆ ಹಾಗಾಗುತ್ತದೆ, ಆದರೆ ಅವತ್ತು ಯಾರೂ ತೆರೆದಂತಿರಲಿಲ್ಲ, ಎಂದೆ. ಅಷ್ಟಕ್ಕೂ ನಿಲ್ಲದೆ, ಸೇವ್ ಮಾಡಿದ ಮೇಲೆ ಫೋಲ್ಡರಿನಲ್ಲಿ ಒಮ್ಮೆ ನೋಡಬೇಕಿತ್ತು, ಎಂದೂ ಸೇರಿಸಿದೆ. ಬೀಗ ಮೂರು ಸಲ ಜಗ್ಗಿ ನೋಡುವ ಮನುಷ್ಯನ ಬಗ್ಗೆ ಹಾಗೆ ಹೇಳಿದೆ.

ಕಾಕಾ ನನ್ನನ್ನು ನೋಡಿದರು. ಸಿಟ್ಟಿನಿಂದ ನೋಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆನೇನೋ. ಅವರು ಯಂತ್ರದ ಮುಂದೆ ನಿಂತ ಕೆಲಸಗಾರನ ಕೈ ನೋಡುವಂತೆ ನೋಡಿದರು, ಇವಳಿಗೆ ತಿಳಿಯಿತೋ ಇಲ್ಲವೋ ಎಂದು. ಆಮೇಲೆ ಮ್ಯಾನೇಜರ ಕಡೆ ತಿರುಗಿದರು.

"ಮಾಝೀಚ್ ಚೂಕ್ ಆಹೇ, ಸಾಹೇಬ," ಎಂದರು. ತಪ್ಪು ನನ್ನದೇ.

ಅವಳಿಗೆ ಹೇಳಿ ಹೋಗಿದ್ದೆ ಎಂದು ಒಂದು ಮಾತು ಅವರ ಬಾಯಲ್ಲಿತ್ತು. ನಾನು ಅದನ್ನು ಕಾಯುತ್ತಲೇ ಇದ್ದೆ. ಬರಲಿಲ್ಲ. ನನ್ನನ್ನು ಉಳಿಸಬೇಕೆಂದು ನುಂಗಿದರೋ, ತಾವೇ ಇನ್ನೊಬ್ಬರ ಮೇಲೆ ಬಿಟ್ಟು ಹೋದದ್ದೇ ತಪ್ಪು ಎಂದುಕೊಂಡರೋ. ಅವರ ಸ್ವಭಾವಕ್ಕೆ ಎರಡನೆಯದೇ ಹೆಚ್ಚು ಹೊಂದುತ್ತದೆ. ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆಯನ್ನು ನಾನು ಅವತ್ತಿನಿಂದ ನಂಬುವುದಿಲ್ಲ. ಮಾಡಿದವಳು ನಾನು, ಉಂಡವರು ಅವರು.

ಸಂಜೆ ಬಸ್ಸಿನಲ್ಲಿ ದಿನದಂತೆ ಪಕ್ಕದಲ್ಲೇ ಬಂದು ಕೂತರು. ಬೇರೆ ಸೀಟು ಖಾಲಿ ಇತ್ತು. ಬಸ್ಸು ಸೋಮಾಟಣೆ ದಾಟಿತು. ಆಮೇಲೆ, "ಅತ್ತಿಯವರ ಕಣ್ಣಿನ ಪಟ್ಟಿ ಬಿಚ್ಚಿದ್ರೇನು? ಕಾಣ್ತದಂತೇನು ಈಗ?" ಎಂದು ಕೇಳಿದರು. ಕಾಣುತ್ತದಂತೆ ಎಂದೆ. ಚಲೋ ಆತು ಎಂದು ಕಣ್ಣು ಮುಚ್ಚಿಕೊಂಡರು. ಆಗ ಹೇಳಬಹುದಿತ್ತು. ವಾಕಡ ಬರಲು ಇನ್ನೂ ಮುಕ್ಕಾಲು ಗಂಟೆ ಇತ್ತು.

ಅವರನ್ನು ಹಾಳೆಗಳ ಕೆಲಸದಿಂದ ತೆಗೆದು, ಉಗ್ರಾಣದಲ್ಲಿ ಬಂದ ಸಾಮಾನು ದಾಖಲೆ ಮಾಡುವ ಮೇಜಿಗೆ ಹಾಕಿದರು. ನಿವೃತ್ತಿಗೆ ಒಂದೂವರೆ ವರ್ಷವಿತ್ತು. ಕನ್ನಡದ ಹಾಳೆಗಳೂ ನನ್ನ ಪಾಲಿಗೇ ಬಂದವು, ಹೆಸರಿನ ಮುಂದೆ ಸೀನಿಯರ್ ಎಂದೂ ಸೇರಿತು. ಯಂತ್ರದ ಮುಂದೆ ನಿಂತು ಓದುವುದು ನನ್ನಿಂದ ಆಗಲಿಲ್ಲ. ಎರಡು ಸಲ ಹೋಗಿದ್ದೆ. ಓದುವಾಗ ನನ್ನ ಕಣ್ಣು ಕೆಲಸಗಾರನ ಬೆರಳು ಎಣಿಸುತ್ತಿತ್ತು. ಕೋಣೆಯಲ್ಲೇ ಕೂತು ಇಸ್ತ್ರಿ ಮಾಡಿದ ಕನ್ನಡ ಬರೆದೆ. ಅದು ತಿಳಿಯದವರು ಊಟದ ಬಿಡುವಿನಲ್ಲಿ ಹಾಳೆಯ ಫೋಟೋ ಹಿಡಿದು ಉಗ್ರಾಣಕ್ಕೆ ಹೋಗಿ ಕಾಕಾರಿಂದ ಹೇಳಿಸಿಕೊಂಡು ಬರುತ್ತಿದ್ದರೆಂದು ನನಗೆ ಗೊತ್ತಿತ್ತು. ಗೊತ್ತಿಲ್ಲದವಳಂತೆ ಇದ್ದೆ.

ಅವರ ಬೀಳ್ಕೊಡುಗೆಯಲ್ಲಿ ಮಾತಾಡಲು ನನ್ನನ್ನೇ ಕರೆದರು, ಎರಡೂ ಭಾಷೆ ಬರುತ್ತದಲ್ಲ. ತಂದೆಯ ಸಮಾನ, ಮಾರ್ಗದರ್ಶಕರು ಎಂದೆಲ್ಲ ಹೇಳಿದೆ. ಜನ ಚಪ್ಪಾಳೆ ತಟ್ಟಿದರು. ಶಾಲು ಹೊದ್ದು ಕೂತ ಕಾಕಾ ನಶ್ಯದ ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸುತ್ತ ಕೇಳಿದರು. ನಾನು ವೇದಿಕೆಯಿಂದ ಇಳಿದು ಬಂದಾಗ, ಇಸ್ತ್ರಿ ಇನ್ನೂ ಬಿಟ್ಟಿಲ್ಲಲ್ಲ ತಂಗಿ ಎಂದು ಮೆಲ್ಲಗೆ ನಕ್ಕರು. ಅವರ ಮನೆ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. ಆಮೇಲೆ ಎರಡು ವರ್ಷ ನಾನು ಆ ಓಣಿ ತಪ್ಪಿಸಿ ಸುತ್ತುಹಾಕಿ ಕಾಯಿಪಲ್ಯ ತರುತ್ತಿದ್ದೆ.

ಈ ಮಾಘದಲ್ಲಿ ಅವರು ಹೋದರು. ಬೆಳಿಗ್ಗೆ ಚಹಾ ಕುಡಿದು, ಪೇಪರ್ ಕೈಯಲ್ಲಿದ್ದಂತೆಯೇ. ಮಣ್ಣಿಗೆ ಹೋಗಲು ನನಗೆ ಧೈರ್ಯ ಬರಲಿಲ್ಲ. ಶಿವಗಣಾರಾಧನೆಯ ದಿನ ಹೋದೆ. ಪಟದ ಮುಂದೆ ವಿಭೂತಿ ಹಚ್ಚಿಕೊಂಡು ಕೂತಿದ್ದ ಕಾಕು, ಅವರ ಹೆಂಡತಿ, ನನ್ನ ಕೈ ಹಿಡಿದುಕೊಂಡು, ನಿನ್ನ ಭಾಳ ನೆನಸತಿದ್ರವ್ವ ಎಂದರು. ನಾನು ಅಲ್ಲಿ ನಿಲ್ಲಲಾರದೆ ಊಟಕ್ಕೆ ಹಾಸಿದ್ದ ಹಿಂದಿನ ಕೋಣೆಗೆ ಹೋದೆ.

ಪಂಕ್ತಿಯ ಕೊನೆಯಲ್ಲಿ ಒಬ್ಬ ಎಡಗೈಯಿಂದ ಉಣ್ಣುತ್ತಿದ್ದ. ಎದುರಿಗಿದ್ದ ಹಿರಿಯರೊಬ್ಬರು ಅದನ್ನು ನೋಡಿ ಮುಖ ಸಿಂಡರಿಸಿದರು. ಅವನು ಬಲಗೈಯನ್ನು ತೊಡೆಯ ಮೇಲೆ ಮುಚ್ಚಿಟ್ಟುಕೊಂಡಿದ್ದ. ನನಗೆ ಗುರುತು ಹತ್ತಿತು. ಅಪಘಾತದ ಮೇಲೆ ಅವನನ್ನು ಮಾಲು ಆರಿಸುವ ವಿಭಾಗಕ್ಕೆ ಹಾಕಿದ್ದರು, ಆ ಕಡೆ ನಾನು ಎಂದೂ ಕಾಲಿಟ್ಟಿರಲಿಲ್ಲ. ಕೈ ತೊಳೆಯುವಲ್ಲಿ ಅವನೇ ಬಂದು ನಮಸ್ಕಾರ ಮಾಡಿದ. ಆಫೀಸಿನ ಅಕ್ಕಾರು ಅಲ್ಲವೇ ನೀವು ಎಂದು ಕೇಳಿದ. ತಾನಾಗಿಯೇ ಕಾಕಾರ ಮಾತು ತೆಗೆದ.

ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ಭಾನುವಾರವೇ ಕಾಕಾ ಅವನ ಖೋಲಿಗೆ ಹೋಗಿದ್ದರಂತೆ. ಹೊಸ್ತಿಲಲ್ಲೇ ನಿಂತು, ಹಾಳೆ ನನ್ನದು, ತಪ್ಪು ನನ್ನದು, ನನ್ನ ಬೈಯಬೇಕಂದ್ರ ಬೈ ಎಂದರಂತೆ. ಅವನು ಬೈದನಂತೆ. ಬಾಯಿಗೆ ಬಂದದ್ದೆಲ್ಲ, ತಾಯಿ ಅಕ್ಕ ಎನ್ನದೆ. ಅವರು ತಲೆ ತಗ್ಗಿಸಿ ಪೂರ್ತಿ ಕೇಳಿ ಹೋದರಂತೆ. ಮುಂದಿನ ತಿಂಗಳು ಮತ್ತೆ ಬಂದರು. ಅದರ ಮುಂದಿನ ತಿಂಗಳೂ. ಆರು ತಿಂಗಳು ಇವನು ಮಾತಾಡಿಸಲೇ ಇಲ್ಲ. ನಿವೃತ್ತರಾದ ಮೇಲೂ ವಾಕಡದಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದರು, ಬಂದು ಎಡಗೈಯಲ್ಲಿ ಬರೆಯುವುದನ್ನು ರೂಢಿ ಮಾಡಿಸುತ್ತಿದ್ದರು. ಕಳೆದ ದೀಪಾವಳಿಗೆ ಇವನಿಗೇ ತಡೆಯಲಾಗದೆ, ಕಾಕಾ ಸಾಕು ಬಿಡ್ರಿ, ನಾ ನಿಮಗ ಮಾಫ್ ಮಾಡೀನಿ ಎಂದು ಕಾಲು ಮುಟ್ಟಿದನಂತೆ. ಅವರು ಅವತ್ತು ಅವನ ಹೆಗಲ ಮೇಲೆ ಕೈಯಿಟ್ಟು ಅತ್ತರಂತೆ.

ನನ್ನ ಕೈ ಮೇಲೆ ನಲ್ಲಿಯ ನೀರು ಹಾಗೇ ಬೀಳುತ್ತಿತ್ತು. ನಿಲ್ಲಿಸಿದೆ. ಆಗ ನಾನು ಹೇಳಿದೆ. ಎಲ್ಲವನ್ನೂ ಹೇಳಿದೆ, ತೆರೆದಿಟ್ಟದ್ದು, ಇಲ್ಲ ಎಂದದ್ದು, ಮರೆತದ್ದು, ನೀರಿನ ಲೋಟ ನೋಡುತ್ತ ಮಾತಾಡಿದ್ದು. ನಾಲ್ಕು ವರ್ಷ ಹೊರಳದ ನಾಲಿಗೆ ಎರಡು ನಿಮಿಷದಲ್ಲಿ ಮುಗಿಸಿಬಿಟ್ಟಿತು. ಅವನು ಅಡ್ಡ ಬಾಯಿ ಹಾಕದೆ ಕೇಳಿದ. ಬೈಯುತ್ತಾನೆಂದು ನಿಂತಿದ್ದೆ, ಬೈಯಲಿ ಎಂದೇ ನಿಂತಿದ್ದೆ.

ಅವನು ಒಳಗೆ ಪಟದ ಕಡೆ ಒಮ್ಮೆ ನೋಡಿ, ತನ್ನ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡ.

"ಹಂಗಾದ್ರ ದೀಪಾವಳಿಗಿ ನಾ ಮಾಫ್ ಮಾಡಿದ್ದು ಯಾರಿಗ್ರೀ ಅಕ್ಕಾರ?"

ನನ್ನನ್ನು ಮಾಫ್ ಮಾಡು ಎಂದು ನಾನು ಕೇಳಲಿಲ್ಲ. ಅವನು ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ತಳೇಗಾಂವದ ಬಸ್ಸಿಗೆ ಹೊರಟುಹೋದ.